ಗಂಗವ್ವನ ಸೆರಗು

ವರಮಹಾಲಕ್ಷ್ಮಿ ಹಬ್ಬಕ್ಕೆ ಇನ್ನು ನಾಲ್ಕೇ ದಿನ. ಮೈಸೂರಿನ ಬೋಗಾದಿಯ ಚಿಕ್ಕತಾಯಿ ಕಟ್ಟೆ ಅನ್ನುವ ಕೆರೆಯಲ್ಲಿ ದೀಪ ಹಿಡಿದು ಹುಡುಕಿದರೂ ಒಂದು ತಾವರೆ ಮೊಗ್ಗು ಇಲ್ಲ.

ಕಟ್ಟೆಯ ಮೆಟ್ಟಿಲ ಮೇಲೆ ಬೀರಯ್ಯ ಸೊಂಟಕ್ಕೆ ಕೈ ಕೊಟ್ಟು ನಿಂತಿದ್ದ. ನೀರು ನೋಡೋಣ ಅಂತ ಬಂದವನು. ನೀರು ಕಂಡರೆ ತಾನೇ? ಈ ದಡದಿಂದ ಆ ದಡದ ತನಕ ಬರೀ ಪಾಚಿ. ಹಳೇ ಸೊಳ್ಳೆಪರದೆಯನ್ನು ಹಸಿರು ಬಣ್ಣದಲ್ಲಿ ಅದ್ದಿ ಯಾರೋ ಕೆರೆಯ ಮೈಮೇಲೆ ಎಳೆದು ಹೋದ ಹಾಗಿತ್ತು. ಅದರ ಅಡಿಯಲ್ಲಿ ತಾವರೆಯ ಎಳೆಯ ಎಲೆಗಳು ಸುರುಳಿ ಬಿಚ್ಚಲಾಗದೆ ಹಾಗೇ ಕೊಳೆತಿದ್ದವು. ಒಂದು ಮೂಲೆಯಲ್ಲಿ ಮೀನುಗಳು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ವಾಸನೆಗೆ ಮೂಗು ಬಿಡುವ ಹಾಗಿರಲಿಲ್ಲ.

ಬೀರಯ್ಯನ ಕಸುಬೇ ತಾವರೆ. ಅವನ ಅಪ್ಪನದೂ ಅದೇ. ಬೆಳ್ಳಂಬೆಳಗ್ಗೆ ಲಾರಿಯ ಹಳೇ ಟ್ಯೂಬಿಗೆ ಗಾಳಿ ತುಂಬಿ, ಅದರ ಮೇಲೆ ಎದೆ ಊರಿ, ಕೈಯಲ್ಲೇ ನೀರು ತಳ್ಳಿಕೊಂಡು ಕೆರೆಯ ನಡುವಿಗೆ ಹೋಗುವುದು. ಮೊಗ್ಗಿನ ದಂಟನ್ನು ನೀರೊಳಗೇ ಮುರಿಯುವುದು. ಒದ್ದೆ ಗೋಣಿತಾಟಿನಲ್ಲಿ ಸುತ್ತಿ ತರುವುದು. ಅದನ್ನು ಅವನ ಹೆಂಡತಿ ಚೆಲುವಮ್ಮ ದೇವರಾಜ ಮಾರುಕಟ್ಟೆಯ ಬಾಗಿಲಲ್ಲಿ ಕೂತು ಮಾರುವುದು. ಮದುವೆಯಾಗಿ ಬಂದ ವರ್ಷ ಅವಳು ಕೂತ ಜಾಗ ಇವತ್ತಿಗೂ ಬದಲಾಗಿಲ್ಲ. ವರ್ಷವೆಲ್ಲ ಹೇಗೋ ತಳ್ಳಿಕೊಂಡು ಹೋಗುತ್ತದೆ. ಮನೆ ನಿಲ್ಲುವುದು ಮಾತ್ರ ಈ ಒಂದು ಹಬ್ಬದ ಮೇಲೆ. ಲಕ್ಷ್ಮಿಯ ಕಳಶದ ಮುಂದೆ ತಾವರೆ ಇಡಲೇಬೇಕು ಅಂತ ಮೈಸೂರಿನ ಹೆಂಗಸರೆಲ್ಲ ಹುಡುಕಿಕೊಂಡು ಬರುವ ದಿನ ಅದು.

"ಎಲ್ಲಾ ಆ ಮೋರಿಯವರದ್ದೇ!" ಬೀರಯ್ಯ ಕೂಗಿದ. ಕೇಳಲು ಹತ್ತಿರ ಯಾರೂ ಇರಲಿಲ್ಲ. ಆದರೂ ಕೂಗಿದ. "ಇವರ ಮನೆ ಕಾಯ್ವಾಗ! ಸೋಪಿನ ನೀರು ಬುಟ್ಟು ಬುಟ್ಟು ನಮ್ ಕಟ್ಟೆ ಸಾಯಿಸ್ಬುಟ್ರು!"

ಅವನ ಸಿಟ್ಟು ಸುಳ್ಳಲ್ಲ. ಕಟ್ಟೆಯ ಸುತ್ತ ಲೇಔಟು ಬಂತು. 'ಲೇಕ್ ವ್ಯೂ' ಅಂತ ಬೋರ್ಡು ಬಂತು. ಆ ಬೋರ್ಡು ನೋಡಿ ಮನೆ ಕಟ್ಟಿದವರ ಬಚ್ಚಲ ನೀರೆಲ್ಲ ಅದೇ ಲೇಕಿಗೆ ಬಂತು. ಅರ್ಜಿ ಕೊಟ್ಟಾಯಿತು. ಅರ್ಜಿಯ ಮೇಲೆ ಧೂಳೂ ಕೂತಾಯಿತು. ಇದೆಲ್ಲ ನಿಜ. ಆದರೆ ಅರ್ಧ ನಿಜ. ಉಳಿದರ್ಧ ಕಂಡುಹಿಡಿಯಬಲ್ಲವಳು ಆ ಹೊತ್ತಿಗೆ ಎದುರು ಮನೆಯ ತಾರಸಿಯ ಮೇಲೆ ಬೂಟು ಒಣಹಾಕುತ್ತಿದ್ದಳು.

ಅವಳ ಹೆಸರು ಸುಷ್ಮಾ. ಕಾಲೇಜಿನಲ್ಲಿ ಕೆರೆ ನೀರಿನ ಬಗ್ಗೆಯೇ ಓದುವ ಹುಡುಗಿ. ಬೀರಯ್ಯನ ಎದುರು ಮನೆಯ ಮಹಡಿಯಲ್ಲಿ ಒಂದು ರೂಮು ಹಿಡಿದು ಬಾಡಿಗೆಗಿದ್ದಳು. ವಾರಕ್ಕೊಂದು ಕೆರೆಗೆ ಹೋಗಿ ಸೀಸೆಯಲ್ಲಿ ನೀರು ತರುತ್ತಿದ್ದಳು. ಬಂದ ಕೂಡಲೇ ಮೊಣಕಾಲುದ್ದದ ರಬ್ಬರ್ ಬೂಟನ್ನು ಬಿಸಿನೀರಿನಲ್ಲಿ ಅದ್ದಿ, ಬ್ರಶ್ಶಿನಲ್ಲಿ ತಿಕ್ಕಿ, ತಾರಸಿಯ ತಂತಿಗೆ ತಲೆಕೆಳಗಾಗಿ ನೇತುಹಾಕುತ್ತಿದ್ದಳು. ಅದು ಒಣಗುವ ತನಕ ಇನ್ನೊಂದು ಜೊತೆ ಬೂಟು. ಬೀದಿಗೆಲ್ಲ ಇದೊಂದು ತಮಾಷೆ.

"ಏನ್ ತಾಯಿ, ಬೂಟಿಗೆ ಎಣ್ಣೆ ಸೀಗೇಕಾಯಿ ಆಯ್ತಾ?" ಅಂತ ಬೀರಯ್ಯ ಕೆಳಗಿನಿಂದ ಕೇಳುವುದು.

"ಆಯ್ತು ಬೀರಣ್ಣ, ಸಾಂಬ್ರಾಣಿ ಹೊಗೆ ಒಂದು ಬಾಕಿ," ಅಂತ ಅವಳು ಮೇಲಿನಿಂದ ಹೇಳುವುದು. ವರ್ಷದಿಂದ ಇದೇ ನಡೆದಿತ್ತು.

ಅವತ್ತು ಬೀರಯ್ಯ ಕೇಳಲಿಲ್ಲ. ಅವನ ಕೂಗು ಕೇಳಿ ಸುಷ್ಮಾನೇ ಇಳಿದು ಬಂದಳು. ಹಿಂದೆಯೇ ಚೆಲುವಮ್ಮನೂ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದಳು.

"ಮೈಲುತುತ್ತ ತಂದು ಸುರಿದ್ಬುಡ್ತೀನಿ ತಾಯಿ," ಅಂದ ಬೀರಯ್ಯ. "ಒಂದೇ ಏಟ್ಗೆ ಸತ್ತೋಯ್ತದೆ ಪಾಚಿ."

"ಉಳಿದಿರೋ ಮೀನೂ ಸಾಯುತ್ತೆ ಬೀರಣ್ಣ. ಸತ್ತ ಪಾಚಿ ಅಲ್ಲೇ ಕೊಳೆತು ನೀರು ಇನ್ನೂ ಹಾಳಾಗುತ್ತೆ. ಔಷಧಿಗೀಷಧಿ ಬೇಡ." ಅವಳು ಸುತ್ತ ನೋಡಿದಳು. "ನಂಗೆ ಒಂದು ಅರ್ಥ ಆಗ್ತಿಲ್ಲ. ಇದು ಈ ಕಟ್ಟೆ ಪಾಚಿ ಅಲ್ಲ. ಹೋದ ವರ್ಷ ಮಳೆಗಾಲಕ್ಕೆ ಮುಂಚೆ ನಾನು ನೀರು ತಗೊಂಡಾಗ ಇರಲಿಲ್ಲ. ಇದು ಶುರುವಾಗಿದ್ದು ಯಾವ ಕಡೆಯಿಂದ?"

"ಮೋರಿ ಕಡೆಯಿಂದ್ಲೇ! ಇನ್ಯಾವ ಕಡೆಯಿಂದ?"

"ಇಲ್ಲ ಕಣಿ," ಅಂದಳು ಚೆಲುವಮ್ಮ. "ಶಿವರಾತ್ರಿ ಹೊತ್ಗೆ ಮೊದಲು ಕಂಡಿದ್ದು ಈ ಮೆಟ್ಲ ತಾವ. ನೀವೇ ಕರೆದು ತೋರಿಸಲಿಲ್ವಾ? 'ನೋಡಮ್ಮಿ, ಗಂಗವ್ವ ಮನೆ ಬಾಗಿಲ್ಗೇ ಬಂದವ್ಳೆ' ಅಂತ."

ಇಲ್ಲಿ ಒಂದು ಹಳೇ ಸಂಗತಿ ಹೇಳಬೇಕು.

ಹೋದ ವರ್ಷ ಬೀರಯ್ಯ ಇಲವಾಲದ ಆಚೆ ಕಂಬದಕೆರೆ ಅನ್ನುವ ಕೆರೆಗೆ ಹೂ ಕೀಳಲು ಹೋಗಿದ್ದ. ಅಲ್ಲಿ ಈ ಪಾಚಿ ಕಂಡಿತು. ಸಾಮಾನ್ಯ ಪಾಚಿಯ ಹಾಗೆ ಲೋಳೆಯಲ್ಲ, ಎಳೆ ಎಳೆ. ಕೈಯಲ್ಲಿ ಎತ್ತಿ ಹಿಡಿದರೆ ಸಣ್ಣ ಕಣ್ಣಿನ ಬಲೆ. ಹಿಂಡಿದರೂ ನೀರು ಬಿಡದು. ಒಂದು ಹಿಡಿ ಕಿತ್ತು ಮೊಗ್ಗಿನ ಕಟ್ಟಿಗೆ ಸುತ್ತಿ ನೋಡಿದ. ಸಂಜೆಯ ತನಕ ಮೊಗ್ಗು ಬೆಳಗಿನ ಹಾಗೇ ತಣ್ಣಗೆ ಕೂತಿತ್ತು. ಅವನ ಖುಷಿಗೆ ಪಾರವಿಲ್ಲ. ಗೋಣಿತಾಟು ಎರಡು ಗಂಟೆಗೆ ಒಣಗುತ್ತದೆ, ಇದು ಒಣಗುವುದೇ ಇಲ್ಲ! ಅವನೇ ಅದಕ್ಕೆ ಹೆಸರಿಟ್ಟ: ಗಂಗವ್ವನ ಸೆರಗು. ಅವತ್ತಿನಿಂದ ಹೂವಿನ ಜೊತೆ ಒಂದೊಂದು ಮೂಟೆ ಗಂಗವ್ವನ ಸೆರಗೂ ಬರತೊಡಗಿತು. ಮಾರುಕಟ್ಟೆಯಲ್ಲಿ ಬೇರೆಯವರ ತಾವರೆ ಮಧ್ಯಾಹ್ನಕ್ಕೆ ತಲೆ ಬಾಗಿದರೆ ಚೆಲುವಮ್ಮನ ತಾವರೆ ಸಂಜೆಗೂ ತಲೆ ಎತ್ತಿ ನಿಂತಿರುತ್ತಿತ್ತು.

ಸುಷ್ಮಾ ಈ ಕಥೆಯನ್ನು ಗಂಡ ಹೆಂಡತಿಯ ಬಾಯಿಂದ ಪೂರ್ತಿ ಕೇಳಿದಳು. ನಗಲಿಲ್ಲ, ಬೈಯಲಿಲ್ಲ. "ಚೆಲುವಕ್ಕ, ಸಂಜೆ ಮಾರಾಟ ಮುಗಿದ ಮೇಲೆ ಆ ಪಾಚಿ ಏನು ಮಾಡ್ತಿದ್ರಿ?" ಅಂತ ಮೆಲ್ಲಗೆ ಕೇಳಿದಳು.

"ಇನ್ನೇನ್ ಮಾಡದು ಕಣವ್ವ? ಮಾರ್ಕೆಟ್ಟಿನ ತಿಪ್ಪೆಗೆ ಎಸೆಯಕ್ಕಾಯ್ತದಾ? ಲಕ್ಷ್ಮಿ ಹೂ ಹೊತ್ತಿದ್ದು ಅದು. ನೀರಲ್ಲಿ ಹುಟ್ಟಿದ್ದು ನೀರ್ಗೇ ಸೇರ್ಬೇಕು ಅಂತ ದಿನಾ ಸಂಜೆ ತಂದು ಈ ಮೆಟ್ಲಲ್ಲಿ ಬುಟ್ಟು, ಕೈ ಮುಗ್ಕಂಡು ಮನೆಗೆ..."

ಮಾತು ಅಲ್ಲಿಗೇ ನಿಂತಿತು.

ಯಾರೂ ಅವಳನ್ನು ತಡೆದಿರಲಿಲ್ಲ. ತನ್ನ ಬಾಯಿಂದ ಬಂದ ಮಾತು ತನ್ನ ಕಿವಿಗೇ ಬಿದ್ದು ಅವಳೇ ನಿಲ್ಲಿಸಿದ್ದಳು. ಕಾಲ ಬುಡದ ಮೆಟ್ಟಿಲು ನೋಡಿದಳು. ಅಲ್ಲಿಂದ ಆಚೆ ದಡದ ತನಕ ಹಸಿರು ನೋಡಿದಳು. ಮತ್ತೆ ಮೆಟ್ಟಿಲು ನೋಡಿದಳು.

"ನಾನೇನಾ?" ಅಂದಳು.

ಬೀರಯ್ಯನಿಗೆ ಸಿಟ್ಟು ಬಂತು. ಯಾರ ಮೇಲೆ ಅಂತ ಗೊತ್ತಾಗದ ಸಿಟ್ಟು. "ಅದೆಂಗಾಯ್ತದೆ? ಒಂದ್ ಹಿಡಿ ಪಾಚಿ ಬುಟ್ರೆ ಇಡೀ ಕಟ್ಟೆ ಮುಚ್ಕತದಾ? ಏನ್ ತಾಯಿ ನೀನು, ಓದಿದೋಳು ಅಂತ ಬಾಯಿಗೆ ಬಂದಂಗೆ ಕೇಳ್ಬುಡದಾ?"

ಸುಷ್ಮಾ ಚೆಲುವಮ್ಮನ ಮನೆಯಿಂದ ಒಂದು ಊಟದ ತಟ್ಟೆ ತರಿಸಿದಳು. ತಟ್ಟೆಯಲ್ಲಿ ಸ್ವಲ್ಪ ನೀರು ಬಿಟ್ಟು, ಉಗುರಿನಷ್ಟು ಪಾಚಿ ತೇಲಿಸಿದಳು. ಪುಟ್ಟ ಭೂತಗನ್ನಡಿಯೊಂದನ್ನು ಬೀರಯ್ಯನ ಕೈಗೆ ಕೊಟ್ಟಳು.

"ನೋಡಿ. ಬಲೆ ಕಾಣುತ್ತಾ? ಒಂದೊಂದು ಕಣ್ಣಿಗೂ ಸುತ್ತ ಐದಾರು ದಾರ ಇದೆ ಅಲ್ವಾ? ಆ ಒಂದೊಂದು ದಾರದ ಹೊಟ್ಟೆಯಲ್ಲೂ ಒಂದೊಂದು ಪುಟ್ಟ ಬಲೆ ಹುಟ್ಟಬಹುದು. ಪೂರ್ತಿ ಬಲೆ. ಅದು ದೊಡ್ಡದಾಗುತ್ತೆ, ಅದರ ಒಂದೊಂದು ದಾರದಲ್ಲಿ ಮತ್ತೆ ಒಂದೊಂದು. ಬೇರೂ ಬೇಡ, ಬಿತ್ತೋದೂ ಬೇಡ. ಒದ್ದೆ ಗೋಣಿಗೆ ಅಂಟಿಕೊಂಡ ಒಂದು ಚೂರು ಸಾಕು."

ಬೀರಯ್ಯ ಗಾಜಿಗೆ ಕಣ್ಣಿಟ್ಟು ತುಂಬ ಹೊತ್ತು ನೋಡಿದ. ಕಣ್ಣೊಳಗೆ ಕಣ್ಣು, ಬಲೆಯೊಳಗೆ ಬಲೆ. ಬದುಕಿನಲ್ಲಿ ಅಷ್ಟು ಚೆಂದದ್ದನ್ನೂ ಅಷ್ಟು ಕೆಟ್ಟದ್ದನ್ನೂ ಅವನು ಒಟ್ಟಿಗೆ ನೋಡಿರಲಿಲ್ಲ.

"ಅಂಗಾರೆ ಮೋರಿದೇನೂ ತಪ್ಪಿಲ್ವಾ?"

"ಇದೆ. ಮೋರಿ ನೀರು ಇದಕ್ಕೆ ಊಟ. ಇಷ್ಟು ಕೊಬ್ಬಿರೋದು ಆ ಊಟದಿಂದ. ಆದರೆ ಊಟಕ್ಕೆ ಕರ್ಕೊಂಡು ಬಂದೋರು..." ಸುಷ್ಮಾ ತಲೆ ತಗ್ಗಿಸಿ ಹೇಳಿದಳು, "ನಂದೂ ತಪ್ಪಿದೆ ಬೀರಣ್ಣ. ಒಂದು ಕೆರೆ ಪಾಚಿ ಇನ್ನೊಂದು ಕೆರೆಗೆ ಹೋಗಬಾರದು ಅಂತಲೇ ನಾನು ಬೂಟು ಒಣಗಿಸ್ತಿದ್ದದ್ದು. ನೀವು ದಿನಾ ಕೇಳ್ತಿದ್ರಿ. ನಾನು ದಿನಾ ನಗ್ತಿದ್ದೆ. ಒಂದು ದಿನ ಇಳಿದು ಬಂದು, ಯಾಕೆ ಒಣಗಿಸ್ತೀನಿ ಅಂತ ಹೇಳಿದ್ರೆ ಆಗ್ತಿತ್ತು."

ಚೆಲುವಮ್ಮ ಮೆಟ್ಟಿಲ ಮೇಲೆ ಕುಸಿದು ಕೂತಿದ್ದಳು.

ಆಗಲೇ ಬೀರಯ್ಯನಿಗೆ ನೆನಪಾಯಿತು.

"ಮಾದೇವಿ!" ಅಂದ.

ಮಾದೇವಮ್ಮ ಅವನ ತಂಗಿ. ಹೊನ್ನಗಟ್ಟೆಯಲ್ಲಿರುವವಳು, ಹುಣಸೂರು ರಸ್ತೆಯಿಂದ ಒಳಗೆ. ಅವಳ ಊರ ಕೆರೆ ಇನ್ನೂ ಕನ್ನಡಿಯ ಹಾಗಿದೆ, ತಾವರೆ ತುಂಬಿದೆ. ಅವಳೂ ಅದೇ ಹೂ ನಂಬಿ ಬದುಕುವವಳು. ಈ ಹಬ್ಬಕ್ಕೆ ಬೀರಯ್ಯನಿಗೂ ಉಳಿದಿದ್ದು ಅದೊಂದೇ ಕೆರೆ. ಹೋದ ಸೋಮವಾರ ಅವಳು ಮಾರುಕಟ್ಟೆಗೆ ಬಂದಾಗ ಅವನೇ ಒಂದು ಹಿಡಿ ಪಾಚಿಯನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿ ಕೊಟ್ಟಿದ್ದ. 'ನಿಮ್ಮ ಕೆರೇಲಿ ಬುಡವ್ವ. ತಾನೇ ಬೆಳೀತದೆ. ಹೂ ಸುತ್ತಕ್ಕೆ ಯಾವಾಗ್ಲೂ ಕೈಗೆ ಸಿಕ್ತದೆ' ಅಂದಿದ್ದ. ಅಣ್ಣ ತಂಗಿಗೆ ಕೊಟ್ಟ ಉಡುಗೊರೆ.

ಫೋನು ಹಚ್ಚಿದ. ಹೊಡೆದುಕೊಂಡಿತು, ಎತ್ತುವವರಿಲ್ಲ. ಮತ್ತೆ ಹಚ್ಚಿದ. ಮಾದೇವಮ್ಮ ಫೋನು ಮನೆಯ ಗೂಡಿನಲ್ಲಿಟ್ಟು ಕೆರೆಗೆ ಹೋಗುವವಳು. ಬೀರಯ್ಯ ಓಡಿ ಹೋಗಿ ಟಿವಿಎಸ್ ಹತ್ತಿದ. ಅದರ ಹಿಂದೆ ಟ್ಯೂಬು, ಗೋಣಿತಾಟು, ಹಗ್ಗ ಎಲ್ಲ ಬಿಗಿದಿತ್ತು. ಬೆಳಗ್ಗೆ ಕಂಬದಕೆರೆಗೆ ಹೋಗಿ, ಅಲ್ಲೂ ಪಾಚಿ ಮುಚ್ಚಿ ಹೂ ಸಿಗದೆ ಬಂದದ್ದು. ಇನ್ನೂ ತೊಟ್ಟಿಕ್ಕುತ್ತಿತ್ತು.

"ಬೀರಣ್ಣ, ನಿಲ್ಲಿ!" ಸುಷ್ಮಾ ಗಾಡಿಗೆ ಅಡ್ಡ ನಿಂತಳು. "ಈ ಸಾಮಾನು ಅಲ್ಲಿಗೆ ತಗೊಂಡು ಹೋಗಬೇಡಿ."

"ಬುಡು ತಾಯಿ ದಾರಿಯ! ಹಬ್ಬದ ಹೂ ನಾನು ಏನ್ರಲ್ಲಿ ಕೀಳ್ಲಿ? ಹಲ್ಲಲ್ಲಾ?"

"ಗೋಣಿ ಮಡಿಕೆಯಲ್ಲಿ ಚೂರು ಕೂತಿರುತ್ತೆ. ಟ್ಯೂಬಿನ ಸಂದಿಯಲ್ಲಿ ಇರುತ್ತೆ. ನಿಮ್ಮ ಚಡ್ಡಿಯಲ್ಲೂ ಇರುತ್ತೆ. ಇದೆಲ್ಲ ಬಿಸಿನೀರಲ್ಲಿ ತೊಳೆದು, ಬಿಸಿಲಲ್ಲಿ ಮೂರು ನಾಲ್ಕು ದಿನ ಗರಿ ಗರಿ ಒಣಗಬೇಕು."

"ನಾಕ್ ದಿನಕ್ಕೆ ಹಬ್ಬ!"

"ಗೊತ್ತು," ಅಂದಳು ಸುಷ್ಮಾ. ಗಾಡಿಯ ಮುಂದಿನಿಂದ ಕದಲಲಿಲ್ಲ.

ಬೀರಯ್ಯ ಹೆಂಡತಿಯ ಮುಖ ನೋಡಿದ. ವರ್ಷವೆಲ್ಲ ಈ ಒಂದು ದಿನಕ್ಕೆ ಕಾಯುವವಳು ಅವಳು. 'ಓದಿದೋರ ಮಾತು ಕಟ್ಕಂಡ್ರೆ ಹೊಟ್ಟೆ ತುಂಬ್ತದಾ, ಹೋಗಿ' ಅನ್ನಲಿ ಅಂತ ಅವನ ಮನಸ್ಸು ಬೇಡುತ್ತಿತ್ತು. ಅವಳು ಹಾಗೊಂದು ಮಾತು ಅಂದಿದ್ದರೆ ಅವನು ಗಾಡಿ ಬಿಟ್ಟುಬಿಡುತ್ತಿದ್ದ.

ಚೆಲುವಮ್ಮ ಎದ್ದು ಬಂದಳು. ಹಗ್ಗದ ಗಂಟಿಗೆ ಕೈ ಹಾಕಿದಳು. "ಒಂದು ಕೆರೆ ಕೊಂದಿದ್ದು ಸಾಕು ಕಣಿ," ಅಂದಳು. "ಇಳಿಸಿ."

ಇಬ್ಬರೂ ಸೇರಿ ಟ್ಯೂಬು, ಗೋಣಿ ಎಲ್ಲ ಇಳಿಸಿದರು. ಬೀರಯ್ಯ ಚಡ್ಡಿ ಬದಲಿಸಿ ಬರಿಗೈಯಲ್ಲಿ ಹೊರಟ.

ದಾರಿಯುದ್ದಕ್ಕೂ ಅವನಿಗೆ ಒಂದೇ ಲೆಕ್ಕ. ಸೋಮವಾರ ಕೊಟ್ಟದ್ದು, ಇವತ್ತಿಗೆ ಎಂಟು ದಿನ. ಅವಳೋ ಅಣ್ಣನ ಮಾತೆಂದರೆ ದೇವರ ಮಾತು ಅನ್ನುವವಳು. ಅವತ್ತೇ ಬಿಟ್ಟಿರುತ್ತಾಳೆ. ಇಲವಾಲ ದಾಟಿದ. ಎಷ್ಟು ಸಲ ಬಂದ ರಸ್ತೆ, ಇಷ್ಟು ಉದ್ದ ಅಂತ ಗೊತ್ತಿರಲಿಲ್ಲ.

ಹೊನ್ನಗಟ್ಟೆಯ ಏರಿ ಹತ್ತಿದಾಗ ಮೊದಲು ಕಂಡದ್ದು ಕೆಂಪು. ಕೆರೆಯ ತುಂಬ ತಾವರೆ. ಹಬ್ಬಕ್ಕೆಂದೇ ತುಂಬಿಕೊಂಡ ಮೊಗ್ಗು. ನೋಡಿ ಅವನ ಕಣ್ಣು ತುಂಬಿ ಬಂತು. ಚಿಕ್ಕತಾಯಿ ಕಟ್ಟೆಯೂ ಹೀಗೇ ಇತ್ತು. ತುಂಬ ಹಿಂದೆ ಅಲ್ಲ, ಹೋದ ವರ್ಷ. ಬೀರಯ್ಯ ದಡದ ನೀರನ್ನು ಇಂಚು ಇಂಚಾಗಿ ನೋಡುತ್ತ ನಡೆದ. ತೂಬಿನ ಹತ್ತಿರ ನೋಡಿದ, ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ನೋಡಿದ. ಹಸಿರು ಕಾಣಲಿಲ್ಲ. ಮನೆಯ ಕಡೆ ಓಡಿದ.

ಮಾದೇವಮ್ಮ ಹಟ್ಟಿಯ ಮುಂದೆ ಎಮ್ಮೆಗೆ ಹುಲ್ಲು ಹಾಕುತ್ತಿದ್ದಳು.

"ಅಣ್ಣಯ್ಯ! ಇದೇನ್ ಹಿಂಗ್ ಓಡ್ಬತ್ತಿದ್ದೀಯ, ನಾಯಿಗೀಯಿ ಅಟ್ಟಿಸ್ಕ ಬಂತಾ?"

"ಬುಟ್ಟಾ?"

"ಯಾರ?"

"ಪಾಚಿಯ! ಗಂಗವ್ವನ ಸೆರಗ! ಕೆರೆಗೆ ಬುಟ್ಟಾ?"

"ಅಯ್ಯೋ, ಬೈಬ್ಯಾಡ ಅಣ್ಣಯ್ಯ," ಅಂದಳು ಮಾದೇವಮ್ಮ. ಮುಖ ಸಣ್ಣದಾಯಿತು. "ಸುಮ್ನೆ ಎಂಗೆ ಬುಡದು ಗಂಗವ್ವನ? ಶುಕ್ರವಾರ ಹಬ್ಬದ ದಿನ ಅರಿಶಿನ ಕುಂಕುಮ ಇಟ್ಟು, ಪೂಜೆ ಮಾಡಿ ಬುಡಾಣ ಅಂತಿದ್ದೆ. ಅಲ್ಲೀ ಗಂಟ ಆ ಕಲ್ಲುಬಾನೀಲಿ ಇಟ್ಟಿವ್ನಿ. ತಡ ಆಯ್ತು ಅಂತ ಇಷ್ಟ್ ಬಿರುಸಲ್ಲಿ ಬಂದಾ?"

ಬೀರಯ್ಯ ಅಲ್ಲೇ ನೆಲಕ್ಕೆ ಕೂತುಬಿಟ್ಟ. ಅಳುವೋ ನಗುವೋ ಒಂದು ಬಂತು.

ಎದ್ದು ಹೋಗಿ ಬಾನಿ ನೋಡಿದ. ಅವನು ಕೊಟ್ಟದ್ದು ಒಂದು ಹಿಡಿ. ಎಂಟು ದಿನದಲ್ಲಿ ಅದು ಅರ್ಧ ಬಾನಿ ಹರಡಿಕೊಂಡಿತ್ತು.

"ನೋಡು, ಎಷ್ಟು ಚೆಂದಾಗ್ ಬೆಳ್ದವ್ಳೆ," ಅಂದಳು ಮಾದೇವಮ್ಮ ಹೆಮ್ಮೆಯಿಂದ.

ಬೀರಯ್ಯ ಅವಳನ್ನು ಕೂರಿಸಿಕೊಂಡು ಎಲ್ಲ ಹೇಳಿದ. ಕಟ್ಟೆ ಮುಚ್ಚಿದ್ದು, ಮೀನು ಸತ್ತಿದ್ದು, ದಿನಾ ಸಂಜೆ ಅತ್ತಿಗೆ ಕೈ ಮುಗಿದು ಬಿಟ್ಟಿದ್ದು. ಹೇಳುತ್ತ ಹೇಳುತ್ತ ಅವನ ದನಿ ಇಳಿಯಿತು. ಆಮೇಲೆ ಪಾಚಿಯನ್ನೆಲ್ಲ ಬಾನಿಯಿಂದ ಎತ್ತಿ ಹಾಸುಬಂಡೆಯ ಮೇಲೆ ಬಿಸಿಲಿಗೆ ತೆಳ್ಳಗೆ ಹರವಿದ.

"ಗಂಗವ್ವನ ಬಂಡೆ ಮೇಲೆ ಒಣಗಾಕ್ತಿಯಲ್ಲೋ," ಮಾದೇವಮ್ಮನಿಗೆ ಇನ್ನೂ ಮನಸ್ಸು ಒಪ್ಪಲಿಲ್ಲ. "ಪಾಪ ಸುತ್ಕತದೆ ಕಣ."

"ಸುತ್ಕಂಡಾಗದೆ ಕಣವ್ವ, ನಂಗೆ," ಅಂದ ಬೀರಯ್ಯ. "ಗಂಗವ್ವ ಅಂತ ಹೆಸರು ಇಟ್ಟೋನು ನಾನೇ. ಗಂಗವ್ವ ಇದಲ್ಲ. ಗಂಗವ್ವ ಅಲ್ಲವ್ಳೆ, ನಿಮ್ಮ ಕೆರೇಲಿ. ಇದು ಅವಳ ಕತ್ತಿಗೆ ಸುತ್ತೋ ಬಟ್ಟೆ."

ಬಾನಿಯ ನೀರನ್ನು ಕೆರೆಗೂ ಹರಿಯದ, ಮೋರಿಗೂ ಹರಿಯದ ಕಡೆ, ತೆಂಗಿನ ಬುಡಕ್ಕೆ ಸುರಿದರು. ಬಾನಿಗೆ ಕುದಿಯುವ ನೀರು ಹಾಕಿ ತೆಂಗಿನ ನಾರಿನಲ್ಲಿ ತಿಕ್ಕಿ, ಬಿಸಿಲಿಗೆ ಒಣಗಲು ಬಿಟ್ಟರು. ಮಾರನೇ ದಿನವೂ ಬೀರಯ್ಯ ಬಂದ. ಪಾಚಿ ಒಣಗಿ ಹಪ್ಪಳದ ಹಾಗಾಗಿತ್ತು. ಒಣಗಿದರೂ ಎಲ್ಲೋ ಒಂದು ಬೀಜ ಜೀವ ಹಿಡಿದು ಕೂತಿರಬಹುದು ಅಂತ ಸುಷ್ಮಾ ಹೇಳಿದ್ದಳು. ಕೆರೆಗೆ ದೂರ, ಮಳೆ ನೀರು ಕೊಚ್ಚಿಕೊಂಡು ಹೋಗದ ಮೇಡಿನಲ್ಲಿ ಗುಂಡಿ ತೆಗೆದು ಹೂತ.

ಗುರುವಾರ ಮುಂಜಾನೆ ಹೂ ಕೀಳುವ ದಿನ. ಬೀರಯ್ಯನ ಟ್ಯೂಬು, ಗೋಣಿ ಬೋಗಾದಿಯಲ್ಲಿ ತಂತಿಯ ಮೇಲಿದ್ದವು. ಬುಧವಾರದಿಂದ ಮೋಡ ಕವಿದು, ಮಡಿಕೆಗಳು ಇನ್ನೂ ತಣ್ಣಗಿದ್ದವು. ಮಾದೇವಮ್ಮನ ಹತ್ತಿರ ಇದ್ದದ್ದು ಅವಳದೊಂದೇ ಟ್ಯೂಬು. ಅವಳೊಬ್ಬಳೇ ಇಳಿದಳು. ಬೀರಯ್ಯ ಏರಿಯ ಮೇಲೆ ಕೂತು ನೋಡಿದ. ಬುದ್ಧಿ ಬಂದಾಗಿನಿಂದ ತಾವರೆ ಕೆರೆಯ ದಡದಲ್ಲಿ ಅವನು ಸುಮ್ಮನೆ ಕೂತಿದ್ದು ಅದೇ ಮೊದಲು. ಒಬ್ಬಳ ಕೈಗೆ ಎಷ್ಟು ಸಿಕ್ಕೀತು? ನೂರಾರು ಮೊಗ್ಗು ಕೆರೆಯಲ್ಲೇ ಉಳಿದು, ಹೊತ್ತೇರುತ್ತಿದ್ದಂತೆ ಅವನ ಕಣ್ಣೆದುರೇ ಅರಳಿದವು.

ಆ ಹಬ್ಬಕ್ಕೆ ಚೆಲುವಮ್ಮನ ಮುಂದೆ ಒಂದೇ ಕುಕ್ಕೆ ಇತ್ತು. ಬೆಳಗ್ಗೆ ಎಂಟಕ್ಕೆಲ್ಲ ಅದು ಖಾಲಿ. ಪ್ರತಿ ವರ್ಷ ಬರುವ ಶಾಂತಾದೇವಿಯವರು ತಡವಾಗಿ ಬಂದು ಬರೀ ಕುಕ್ಕೆ ನೋಡಿ ನಿಂತರು.

"ಇದೇನ್ರೀ ಚೆಲುವಮ್ಮ? ನಿಮ್ಮ ಚಿಕ್ಕತಾಯಿ ಕಟ್ಟೆ ತಾವರೆ ಇಲ್ಲದೆ ನಾನು ಒಂದು ವರ್ಷನೂ ಲಕ್ಷ್ಮಿ ಕೂರಿಸಿಲ್ಲ. ಏನಾಯ್ತು ಕಟ್ಟೆಗೆ?"

ಮೋರಿಯ ಮೇಲೆ ಹೇಳಬಹುದಿತ್ತು. ಮಳೆಯ ಮೇಲೆ ಹೇಳಬಹುದಿತ್ತು. ಚೆಲುವಮ್ಮ ಬರೀ ಕುಕ್ಕೆ ಮಡಿಲಲ್ಲಿಟ್ಟುಕೊಂಡು, "ನಾವೇ ಕೆಡಿಸ್ಕಂಡೋ ಕಣಮ್ಮ," ಅಂದಳು. "ಗೊತ್ತಿಲ್ದೆ. ಕೈ ಮುಗ್ಕಂಡು ಕೆಡಿಸ್ಕಂಡೋ."

ಚಿಕ್ಕತಾಯಿ ಕಟ್ಟೆ ಸರಿಹೋಗಿದೆ ಅಂತ ಹೇಳಿ ಈ ಕಥೆ ಮುಗಿಸಬಹುದಿತ್ತು. ಅದು ಸುಳ್ಳಾಗುತ್ತದೆ. ಬೀರಯ್ಯ ಈಗ ದಿನಾ ಬೆಳಗ್ಗೆ ಉದ್ದನೆಯ ಬಿದಿರಿಗೆ ಕೊಕ್ಕೆ ಕಟ್ಟಿ ಪಾಚಿ ಎಳೆಯುತ್ತಾನೆ. ಎಳೆದದ್ದನ್ನು ದೂರದ ಮೇಡಿಗೆ ಹೊತ್ತು ಹಾಕುತ್ತಾನೆ. ಹದಿನೈದು ದಿನಕ್ಕೆ ಅದು ಮತ್ತೆ ಬೆಳೆಯುತ್ತದೆ. ಎಷ್ಟು ವರ್ಷ ಹಿಡಿಯುತ್ತದೋ ಸುಷ್ಮಾಗೂ ಗೊತ್ತಿಲ್ಲ. ಮೋರಿ ನೀರು ನಿಲ್ಲದಿದ್ದರೆ ಹೋಗುವುದೇ ಇಲ್ಲ ಅನ್ನುತ್ತಾಳೆ. ಅದಕ್ಕೆ ಬೀದಿಯವರೆಲ್ಲ ಸೇರಿ ಮತ್ತೆ ಅರ್ಜಿ ಬರೆದಿದ್ದಾರೆ. ಈ ಸಲ ಮೊದಲ ಸಹಿ ಬೀರಯ್ಯನದು. ಜೊತೆಗೆ ತನ್ನ ತಪ್ಪನ್ನೂ ಬರೆಸಿದ್ದಾನೆ. ತನ್ನ ತಪ್ಪು ತಾನು ಒಪ್ಪಿಕೊಂಡವನಿಗೆ ಮೋರಿಯವರನ್ನು ನಿಲ್ಲಿಸಿ ಕೇಳುವ ಹಕ್ಕಿದೆ.

ಸಂಜೆ ಚೆಲುವಮ್ಮ ಮೆಟ್ಟಿಲ ಹತ್ತಿರ ಬರುತ್ತಾಳೆ. ಏನೂ ಬಿಡುವುದಿಲ್ಲ. ಕೈಯನ್ನೂ ಮುಗಿಯುವುದಿಲ್ಲ. ಸ್ವಲ್ಪ ಹೊತ್ತು ನಿಂತು ಹೋಗುತ್ತಾಳೆ.

ಇದನ್ನು ಓದುತ್ತಿರುವವರೇ, ಕೇಳುತ್ತಿರುವವರೇ, ನಿಮ್ಮ ಊರ ಕೆರೆಯಲ್ಲಿ ಇನ್ನೂ ನೀರು ಕಾಣುತ್ತಿದೆಯೇ? ಹಾಗಾದರೆ ನಿಮಗೆ ಇನ್ನೂ ಹೊತ್ತಿದೆ. ಬೀರಯ್ಯನಿಗೆ ಇರಲಿಲ್ಲ.

ನೀವು ಹೂ ಕೀಳುವವರಿರಬಹುದು, ಬಲೆ ಬೀಸುವವರಿರಬಹುದು, ಗಾಳ ಹಾಕುವವರಿರಬಹುದು, ಸುಮ್ಮನೆ ಭಾನುವಾರ ಈಜಲು ಹೋಗುವವರಿರಬಹುದು. ಒಂದು ಕೆರೆಯಿಂದ, ಒಂದು ಹೊಳೆಯಿಂದ ಎದ್ದು ಬಂದಾಗ ಅಲ್ಲೇ ದಡದಲ್ಲಿ ನಿಂತು ನೋಡಿ. ಬಲೆ ಕೊಡವಿ. ಬಕೆಟ್ಟಿನ ನೀರು ಅಲ್ಲೇ ಚೆಲ್ಲಿ. ಅಂಟಿದ ಪಾಚಿ, ಜೊಂಡು ಕಿತ್ತು ಹಾಕಿ. ಮನೆಗೆ ಬಂದು ಬಿಸಿನೀರಿನಲ್ಲಿ ತೊಳೆದು ಬಿಸಿಲಿಗೆ ಹಾಕಿ. ಒಣಗಿದ ಹಾಗೆ ಕಂಡರೆ ಸಾಲದು, ಮಡಿಕೆಯ ಒಳಗೂ ಗರಿ ಗರಿ ಅನ್ನಬೇಕು. ಅಲ್ಲಿಯ ತನಕ ಇನ್ನೊಂದು ನೀರಿಗೆ ಅದನ್ನು ಇಳಿಸಬೇಡಿ. ಎಷ್ಟೇ ಚೆಂದ ಕಂಡರೂ ಒಂದು ಕೆರೆಯದ್ದನ್ನು ಇನ್ನೊಂದು ಕೆರೆಗೆ ಒಯ್ಯಬೇಡಿ. ಮನೆಯ ಮೀನಿನ ತೊಟ್ಟಿಯ ಗಿಡವನ್ನೂ ಅಷ್ಟೇ, ಪಾಪ ಜೀವ ಅಂತ ಕೆರೆಗೆ ಬಿಡಬೇಡಿ. ಬಿಡುವುದು ಒಂದು ಗಳಿಗೆ. ವಾಪಸು ಹಿಡಿಯಲು ಒಂದು ಆಯಸ್ಸು ಸಾಲದು. ಹೊಸ ಪಾಚಿ ಕಂಡರೆ ಪಂಚಾಯಿತಿಗೋ ವಾರ್ಡಿನ ಕಚೇರಿಗೋ ಅವತ್ತೇ ತಿಳಿಸಿ. ಅವರು ಸುಮ್ಮನಿದ್ದರೆ ನೀವು ಸುಮ್ಮನಿರಬೇಡಿ.

ಬೋಗಾದಿಯ ಆ ಬೀದಿಯಲ್ಲಿ ಈಗ ಸುಷ್ಮಾಳ ಬೂಟಿನ ಪಕ್ಕ ಬೀರಯ್ಯನ ಗೋಣಿತಾಟೂ ತಂತಿಯ ಮೇಲೆ ಒಣಗುತ್ತದೆ. ಹೋಗಿಬರುವವರು ಕೆಳಗಿನಿಂದ ನಗುತ್ತಾರೆ: "ಏನ್ ಬೀರಣ್ಣ, ಗೋಣಿಗೆ ಎಣ್ಣೆ ಸೀಗೇಕಾಯಿ ಆಯ್ತಾ?"

ಬೀರಯ್ಯ ಸುಷ್ಮಾಳ ಹಾಗೆ ನಕ್ಕು ಸುಮ್ಮನಾಗುವುದಿಲ್ಲ. ಇಳಿದು ಬರುತ್ತಾನೆ. ಕೇಳಿದವರ ಕೈ ಹಿಡಿದು ಕಟ್ಟೆಯ ಮೆಟ್ಟಿಲಿಗೆ ಕರೆದುಕೊಂಡು ಹೋಗುತ್ತಾನೆ. "ನೋಡಪ್ಪ," ಅನ್ನುತ್ತಾನೆ. "ಇಲ್ಲಿ ತಾವರೆ ಇತ್ತು."

ನಿಮ್ಮನ್ನು ನೋಡಿಯೂ ಯಾರಾದರೂ ನಗುತ್ತಾರೆ. ನಗಲಿ. ನೀವೂ ಇಳಿದು ಬಂದು ಹೇಳಿ.